ನದೀಮಾತೃಕವೋ ದೇವಮಾತೃಕವೋ: ಕನ್ನಡನಾಡಿನ ವಿದ್ಯುಚ್ಛಕ್ತಿಯ ಚರಿತ್ರವಿಚಾರ

ಬೇಸಾಯದ ನೆಲವನ್ನು ಅದಕ್ಕೆ ನೀರುಣಿಸುವ ಮೂಲವನ್ನು ಹಿಡಿದು ವಿಂಗಡಿಸುವುದು ಸಂಸ್ಕೃತ ನಿಘಂಟುಕಾರರ ವಾಡಿಕೆ. ಹೊಳೆಯ ನೀರಿನಿಂದ ಪೈರು ಬೆಳೆಯುವ ನಾಡನ್ನು ನದೀಮಾತೃಕವೆಂದೂ, ಮಳೆಯ ನೀರಿನಿಂದ ಬೆಳೆಯುವ ನಾಡನ್ನು ದೇವಮಾತೃಕವೆಂದೂ ಅಮರಸಿಂಹನು ತನ್ನ ಕೋಶದ ಭೂಮಿವರ್ಗದಲ್ಲಿ ಹೇಳಿರುತ್ತಾನೆ. ಇಲ್ಲಿ ದೇವಶಬ್ದಕ್ಕೆ ಮಳೆಗರೆಯುವ ಮೇಘವೆಂದೇ ಅರ್ಥ. ಮೊದಲನೆಯ ನಾಡಿನ ತಾಯಿ ಸದಾ ಮನೆಯಲ್ಲಿರುವವಳು. ಎರಡನೆಯದರ ತಾಯಿ ವರ್ಷಕ್ಕೊಮ್ಮೆ ಬರುವವಳು, ಬಾರದೆಯೂ ಇರಬಹುದಾದವಳು. ಈ ವಿಭಾಗವನ್ನು ಮಾಡಿದವನ ಮನಸ್ಸಿನಲ್ಲಿ ಬತ್ತದ ಗದ್ದೆಯ ಹೊರತು ಬೇರೆ ಏನೂ ಇದ್ದಿರಲಾರದು. ಆದರೂ ಕನ್ನಡನಾಡಿನಲ್ಲಿ ಕಳೆದ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ವಿದ್ಯುಚ್ಛಕ್ತಿಯು ಹುಟ್ಟಿ ಬೆಳೆದ ಬಗೆಯನ್ನು ಪರ್ಯಾಲೋಚಿಸುವವರಿಗೆ ಈ ಎರಡು ಮಾತುಗಳಿಗಿಂತ ಒಪ್ಪುವ ಪರಿಭಾಷೆ ದೊರೆಯುವುದು ಕಷ್ಟ.

ಹೊಳೆಯಿಂದ ಹುಟ್ಟುವ ವಿದ್ಯುತ್ತನ್ನು ನದೀಮಾತೃಕವೆಂದು ತಿಳಿಯುವುದು ಲೋಕರೂಢಿ. ಗಂಗೆ ಯಮುನೆಗಳ ವಿಷಯದಲ್ಲಿ ಇದು ಸಲ್ಲಬಹುದು. ಅವುಗಳ ನೆತ್ತಿಯಲ್ಲಿ ಹಿಮವಿದೆ, ಬೇಸಿಗೆಯಲ್ಲಿ ಕರಗಿ ಬರುತ್ತದೆ. ಕಾವೇರಿ, ಶರಾವತಿ, ಕಾಳಿ, ತುಂಗಭದ್ರೆಗಳಿಗೆ ಆ ಆಸ್ತಿಯಿಲ್ಲ. ಸಹ್ಯಾದ್ರಿಯ ಮೇಲೆ ನೈರುತ್ಯದ ಮಳೆ ನಾಲ್ಕು ತಿಂಗಳಲ್ಲಿ ಸುರಿಸಿದುದನ್ನೇ ಅವು ಹನ್ನೆರಡು ತಿಂಗಳೂ ಹಂಚಬೇಕು. ಆದುದರಿಂದ ಈ ನಾಡಿನ ಜಲವಿದ್ಯುತ್ತು ಮೇಲ್ನೋಟಕ್ಕೆ ನದೀಮಾತೃಕವಾಗಿ ಕಂಡರೂ ಮೂಲದಲ್ಲಿ ದೇವಮಾತೃಕವೇ ಸರಿ. ಇಲ್ಲಿ ಕಟ್ಟಿದ ಒಂದೊಂದು ಅಣೆಕಟ್ಟೂ ಹಿಂದಿನ ಯಾವುದೋ ಒಂದು ಬೇಸಿಗೆಯ ಕೊರತೆಗೆ ಕೊಟ್ಟ ಉತ್ತರವಾಗಿರುತ್ತದೆ.

ಹೊಳೆಯ ಬೀಳುವಿಕೆಯನ್ನು ಯಂತ್ರಕ್ಕೆ ಹೂಡಿದುದು ಕನ್ನಡ ಸೀಮೆಯಲ್ಲಿ ಮೊದಲು ಕಾಣುವುದು ಮೈಸೂರು ಸಂಸ್ಥಾನದಲ್ಲಲ್ಲ, ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಗೋಕಾಕದಲ್ಲಿ. ಘಟಪ್ರಭೆಯ ನೀರು ೧೮೮೭ರ ಹೊತ್ತಿಗೆ ಅಲ್ಲಿಯ ಗಿರಣಿಯ ಚಕ್ರಗಳನ್ನು ತಿರುಗಿಸುತ್ತಿದ್ದಿತು. ಹೊಳೆಯಿಂದ ವಿದ್ಯುತ್ತನ್ನು ಪಡೆದು ದೂರಕ್ಕೆ ಸಾಗಿಸಿದ ಕೀರ್ತಿ ಶಿವನಸಮುದ್ರದ್ದು. ಇದನ್ನು ಏಷ್ಯಾ ಖಂಡದ ಮೊಟ್ಟಮೊದಲನೆಯ ಜಲವಿದ್ಯುದಾಗಾರವೆಂದು ಹೇಳುವುದು ರೂಢಿಯಲ್ಲಿದ್ದರೂ ಅದು ನಿಲ್ಲತಕ್ಕ ಮಾತಲ್ಲ. ಡಾರ್ಜಿಲಿಂಗಿನ ಬಳಿ ಸಿದ್ರಾಪಾಂಗ್ ಎಂಬಲ್ಲಿ ೧೮೯೭ರಲ್ಲಿಯೇ ಒಂದು ಚಿಕ್ಕ ಆಗಾರವು ಕೆಲಸಮಾಡುತ್ತಿದ್ದಿತು. ಆದರೆ ಅಲ್ಲಿಯ ಬೆಳಕು ಆ ಊರಿನ ಬೀದಿಗಳಿಗೆ ಮಾತ್ರ ಸಾಕಾಗಿದ್ದರೆ, ಶಿವನಸಮುದ್ರದ ಶಕ್ತಿಯು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹರಿದುಹೋಯಿತು. ಆ ಕಾಲದಲ್ಲಿ ಅದು ಜಗತ್ತಿನ ಅತಿ ದೀರ್ಘವಾದ ವಿದ್ಯುನ್ಮಾರ್ಗಗಳಲ್ಲೊಂದಾಗಿದ್ದಿತು. ಇಷ್ಟು ಹೇಳಿದರೆ ಸಾಕು. ಇಲ್ಲದ ಅಗ್ರಸ್ಥಾನವನ್ನು ಆರೋಪಿಸಬೇಕಾದ ಅವಶ್ಯವಿಲ್ಲ.

ಈ ಕಾರ್ಯದ ಹಿಂದೆ ಇದ್ದವರಲ್ಲಿ ಇಬ್ಬರನ್ನು ಹೆಸರಿಸಬೇಕು. ಒಬ್ಬರು ೧೮೮೩ರಿಂದ ೧೯೦೧ರವರೆಗೆ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್, ಮತ್ತೊಬ್ಬರು ಕೆನಡಾ ದೇಶದಲ್ಲಿ ಹುಟ್ಟಿ ಬ್ರಿಟಿಷ್ ಸೈನ್ಯದ ಇಂಜಿನಿಯರಾಗಿ ಮೈಸೂರಿಗೆ ಬಂದ ಕ್ಯಾಪ್ಟನ್ ಜೋಲಿ ಡಿ ಲಾಟ್‌ಬಿನಿಯರ್. ಗಣಿಯ ಕಂಪನಿಗಳು ಅಲ್ಲಿಯವರೆಗೆ ಸೌದೆಯನ್ನೂ ದೂರದಿಂದ ತಂದ ಕಲ್ಲಿದ್ದಲನ್ನೂ ಉರಿಸಿ ಉಗಿಯಂತ್ರಗಳನ್ನು ನಡೆಯಿಸುತ್ತಿದ್ದವು. ಹೊಳೆಯ ನೀರಾದರೆ ಉರಿದುಹೋಗುವ ವಸ್ತುವಲ್ಲ. ಚಕ್ರವನ್ನು ತಿರುಗಿಸಿ ತನ್ನ ದಾರಿಯನ್ನು ತಾನು ಹಿಡಿಯುತ್ತದೆ. ಕಂಪನಿಗಳಿಗೆ ಈ ಲೆಕ್ಕ ರುಚಿಸಿತು. ಯಂತ್ರಗಳು ಅಮೆರಿಕದಿಂದಲೂ ಸ್ವಿಟ್ಜರ್ಲೆಂಡಿನಿಂದಲೂ ಬಂದವು. ೧೯೦೨ನೆಯ ಇಸವಿ ಜೂನ್ ೩೦ನೆಯ ದಿನ ಶಕ್ತಿಯು ಗಣಿಗೆ ಹರಿಯಲಾರಂಭಿಸಿತು. ಆಗ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರಾಜಪ್ರತಿನಿಧಿತ್ವದ ಕೊನೆಯ ವಾರಗಳು. ಮುಂದಿನ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಬಂದಿತು. ಶೇಷಾದ್ರಿ ಅಯ್ಯರ್‌ರವರು ಹಿಂದಿನ ವರ್ಷವೇ ತೀರಿಕೊಂಡಿದ್ದುದರಿಂದ ತಾವು ನೆಟ್ಟುದರ ಫಲವನ್ನು ಕಣ್ಣಾರೆ ಕಾಣಲಿಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದುದು ೧೯೦೫ರ ಆಗಸ್ಟಿನಲ್ಲಿ, ಚಿನ್ನಕ್ಕೆ ಶಕ್ತಿ ಸಂದ ಮೂರು ವರ್ಷಗಳ ತರುವಾಯ. ಈ ಕ್ರಮವನ್ನು ಗಮನಿಸತಕ್ಕುದಾಗಿದೆ. ವಿದ್ಯುತ್ತು ಈ ನಾಡಿಗೆ ದೀಪವಾಗಿ ಬಂದುದಲ್ಲ, ಪದಾರ್ಥವಾಗಿ ಬಂದುದು.

ಪದಾರ್ಥವೆಂದ ಮೇಲೆ ಒಪ್ಪಂದ. ಒಪ್ಪಂದವೆಂದ ಮೇಲೆ ತಪ್ಪದ ಪೂರೈಕೆ. ಕಾವೇರಿಯು ಈ ಒಪ್ಪಂದಕ್ಕೆ ಸಹಿಮಾಡಿರಲಿಲ್ಲ. ಶ್ರಾವಣ ಭಾದ್ರಪದಗಳಲ್ಲಿ ಗಗನಚುಕ್ಕಿ ಭರಚುಕ್ಕಿಗಳ ಭೋರ್ಗರೆತವನ್ನು ಕೇಳಿದವರಿಗೆ ಅದೇ ಹೊಳೆ ಚೈತ್ರ ವೈಶಾಖಗಳಲ್ಲಿ ಬಂಡೆಗಳ ನಡುವೆ ಬಡಕಲಾಗಿ ಜಿನುಗುವುದು ನಂಬಲಾಗದ ಮಾತು. ಊರಿನ ಹೆಸರಿನಲ್ಲಿ ಸಮುದ್ರವಿದ್ದುದು ನಿಜ. ಆದರೆ ಕನ್ನಡ ಶಾಸನಗಳಲ್ಲಿ ಸಮುದ್ರವೆಂಬ ಮಾತು ಹೆಚ್ಚಾಗಿ ಕಟ್ಟಿದ ಕೆರೆಗೆ ಸಲ್ಲುವ ಹೆಸರು. ಕಟ್ಟದಿದ್ದರೆ ನಿಲ್ಲದು ಎಂಬ ಅರಿವು ಆ ಹೆಸರಿಟ್ಟವರಿಗೆ ಇದ್ದಿರಬೇಕು. ಶಿವನಸಮುದ್ರದಲ್ಲಿದ್ದುದು ಬೀಳುವ ನೀರಲ್ಲದೆ ನಿಲ್ಲುವ ನೀರಲ್ಲ. ಬೇಸಿಗೆಯ ಈ ಬಡತನವೇ ಕನ್ನಂಬಾಡಿಯ ಕಟ್ಟೆಗೆ ಕಾರಣವಾದ ಮುಖ್ಯ ಹೇತುಗಳಲ್ಲೊಂದು. ಕಟ್ಟೆಯನ್ನು ಇಂದು ಜನರು ಮಂಡ್ಯದ ಕಬ್ಬಿನ ಗದ್ದೆಗಳೊಡನೆ ನೆನೆಯುವರು. ಅದರ ಹುಟ್ಟಿನಲ್ಲಿ ಗದ್ದೆಗೆ ಎಷ್ಟು ಪಾಲಿದ್ದಿತೋ ಗಣಿಗೂ ಅಷ್ಟೇ ಪಾಲಿದ್ದಿತು.

ಸರ್ ಎಂ. ವಿಶ್ವೇಶ್ವರಯ್ಯನವರು ೧೯೦೯ರಲ್ಲಿ ಮೈಸೂರಿನ ಚೀಫ್ ಇಂಜಿನಿಯರಾಗಿ ಬಂದರು. ೧೯೧೧ರಲ್ಲಿ ಕಟ್ಟೆಯ ಕೆಲಸ ಮೊದಲಾಯಿತು. ಮದರಾಸು ಸರ್ಕಾರದವರ ತಕರಾರು, ೧೯೧೪ರ ಗ್ರಿಫಿನ್ ಪಂಚಾಯಿತಿಯ ತೀರ್ಪು, ಅದರ ಮೇಲಣ ಅಪೀಲು, ಕೊನೆಗೆ ೧೯೨೪ರ ಒಡಂಬಡಿಕೆ ಇವು ವಾಚಕರಿಗೆ ವಿದಿತವಾದ ಸಂಗತಿಗಳಾದುದರಿಂದ ವಿಸ್ತರಿಸಬೇಕಾದುದಿಲ್ಲ. ಸಿಮೆಂಟಿಗೆ ಬದಲಾಗಿ ಸುರ್ಕಿಗಾರೆಯಲ್ಲಿ ಕಟ್ಟಿದ ಆ ಕಟ್ಟೆ ೧೯೩೦ರ ದಶಕದ ಮೊದಲಿಗೆ ಪೂರ್ಣವಾಯಿತು. ಸುಮಾರು ೪೯ ಶತಕೋಟಿ ಘನ ಅಡಿ ನೀರು ಅಲ್ಲಿ ನಿಂತಿತು. ದೇವಮಾತೃಕವಾದುದನ್ನು ನದೀಮಾತೃಕವಾಗಿಸುವ ಮೊದಲನೆಯ ಮಹಾಪ್ರಯತ್ನವಿದು.

ಕಟ್ಟೆಯ ಕೆಲಸ ನಡೆಯುತ್ತಿದ್ದಾಗ ಅಲ್ಲಿ ಒಂದು ಪಾರಸಿ ಶಿಲಾಲೇಖ ದೊರೆತುದು ಚರಿತ್ರಜ್ಞರಿಗೆ ಪ್ರಿಯವಾದ ವಿಷಯ. ಅದೇ ಎಡೆಯಲ್ಲಿ ಕಟ್ಟೆ ಕಟ್ಟಲು ಟಿಪ್ಪು ಸುಲ್ತಾನನು ೧೭೯೪ರಲ್ಲಿ ಅಸ್ತಿಭಾರ ಹಾಕಿದ್ದನೆಂದು ಅದರಿಂದ ತಿಳಿದುಬರುತ್ತದೆ. ಆ ಲೇಖವನ್ನು ಉದಾಹರಿಸುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುವರು. ಅದರ ಉತ್ತರಭಾಗವು ಪ್ರಕೃತ ವಿಚಾರಕ್ಕೆ ಇನ್ನೂ ಹತ್ತಿರವಾದುದು. ಕಟ್ಟೆಯ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವನಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಪಾಲು ಬಿಟ್ಟಿದೆಯೆಂದೂ, ಆ ನೆಲಕ್ಕೆ ಅವನೂ ಅವನ ಸಂತತಿಯವರೂ ಭೂಮ್ಯಾಕಾಶಗಳಿರುವವರೆಗೆ ಒಡೆಯರೆಂದೂ, ಇದನ್ನು ತಡೆದವನು ಮನುಷ್ಯಕುಲಕ್ಕೆ ಶತ್ರುವೆಂದೂ ಅದರ ತಾತ್ಪರ್ಯ. ಭಾಷೆ ಪಾರಸಿಯಾದರೂ ದಾನದ ಮಾತು ನಮ್ಮ ಶಾಸನಗಳ ಮಾತೇ. ಆಚಂದ್ರಾರ್ಕವಾಗಿ ಸಲ್ಲುವುದು, ಅಳಿದವನಿಗೆ ಪಾಪ ತಟ್ಟುವುದು ಎಂಬ ಕಟ್ಟಲೆಯನ್ನು ಕೆರೆಯ ಕೊಡಗೆಗಳ ಶಾಸನಗಳಲ್ಲಿ ಕಾಣದವರಿಲ್ಲ. ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆ, ಕೆರೆಯನ್ನು ಕಾಪಾಡುವವನಿಗೆ ಕೆರೆಗೊಡಗೆ: ನೀರಿನ ಕೆಲಸದಲ್ಲಿ ಭಾಗಿಯಾದವನಿಗೆ ನೆಲದ ಹಕ್ಕನ್ನು ಕಲ್ಲಿನ ಮೇಲೆ ಬರೆದುಕೊಡುವ ಪದ್ಧತಿ ಈ ನಾಡಿನಲ್ಲಿ ಪುರಾತನವಾದುದು.

ನೀರಿಗಾಗಿ ನೆಲವನ್ನು ಬಿಟ್ಟುಕೊಟ್ಟವನ ಮಾತೇನು? ಅವನ ವಿಷಯದಲ್ಲಿ ಶಾಸನಗಳಿಗಿಂತ ಜನಪದರ ಹಾಡುಗಳು ಹೆಚ್ಚು ನೇರವಾಗಿ ಮಾತಾಡುತ್ತವೆ. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಆಹುತಿಯಾಗಿ ಕೊಟ್ಟ ‘ಕೆರೆಗೆ ಹಾರ’ದ ಕಥೆಯನ್ನು ಸಾಹಿತ್ಯದ ಉಪಾಧ್ಯಾಯರು ತಲೆತಲಾಂತರದಿಂದ ಪಾಠ ಹೇಳುತ್ತ ಬಂದಿದ್ದಾರೆ. ಅಲ್ಲಿ ಕೊಡುವ ತೀರ್ಮಾನವನ್ನು ಮಾಡುವವರು ಒಬ್ಬರು, ಕೊಡಲ್ಪಡುವವಳು ಮತ್ತೊಬ್ಬಳು. ಕನ್ನಂಬಾಡಿಯಲ್ಲಿ ಮುಳುಗಿದುದು ಅದೇ ಹೆಸರಿನ ಊರೂ ಸುತ್ತಣ ಹಳ್ಳಿಗಳೂ, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿಯ ದೇವಾಲಯವೂ. ಮಳೆ ಕೊರತೆಯಾಗಿ ನೀರು ತಗ್ಗಿದ ವರ್ಷಗಳಲ್ಲಿ ಆ ಗುಡಿಯ ಕಲ್ಲುಗಳು ಹೊರಬಂದು ಕಾಣುತ್ತಿದ್ದವು. ಅವುಗಳನ್ನು ಎತ್ತಿ ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮರಳಿ ಜೋಡಿಸಿದುದು ಇತ್ತೀಚಿನ ಸಂಗತಿ. ದೇವರ ಪುನರ್ವಸತಿಯು ಹೀಗೆ, ತಡವಾಗಿಯಾದರೂ, ಸಾಂಗವಾಗಿ ನಡೆಯಿತು.

೧೯೪೦ರಲ್ಲಿ ಶಿಂಷಾ ಆಗಾರವು ಕಾವೇರಿಯ ನೀರಿನಿಂದಲೇ ೧೭,೨೦೦ ಕಿಲೋವಾಟು ಶಕ್ತಿಯನ್ನು ಕೊಡತೊಡಗಿತು. ಆದರೆ ಕಟ್ಟೆಯ ನೀರು ನಾಲೆಗಳ ಪಾಲಾದಷ್ಟೂ ಕೆಳಗಣ ಚಕ್ರಗಳ ಪಾಲು ಕಡಮೆಯಾಗತಕ್ಕುದು. ಕಾವೇರಿಯು ಗದ್ದೆಗೂ ದೀಪಕ್ಕೂ ಮದರಾಸಿನವರಿಗೂ ಸಮನಾಗಿ ತಾಯಿಯಾಗಲಾರಳು ಎಂಬುದು ಸ್ಪಷ್ಟವಾಯಿತು. ಅದುಕಾರಣ ಸಂಸ್ಥಾನದವರು ಪಡುವಣ ಹೊಳೆಯ ಕಡೆಗೆ ತಿರುಗಿದರು. ಶರಾವತಿಯು ಜೋಗದಲ್ಲಿ ೮೩೦ ಅಡಿ ಧುಮುಕುತ್ತದೆ. ಅದಕ್ಕಿಂತಲೂ ಮುಖ್ಯವಾದುದೇನೆಂದರೆ, ಆ ನೀರಿಗೆ ಕೆಳಗಡೆ ಬೇಡಿಕೆಯಿಡುವ ಗದ್ದೆಗಳು ವಿರಳ. ೧೯೩೯ರಲ್ಲಿ ಆರಂಭವಾದ ಕೆಲಸವು ಮಹಾಯುದ್ಧದ ಅಡಚಣೆಗಳನ್ನು ದಾಟಿ ೧೯೪೮ರ ಫೆಬ್ರವರಿ ೨೧ರಂದು ಫಲಿಸಿತು. ಮೊದಲು ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ಆಗಾರಕ್ಕೆ ಮರುವರ್ಷ ಮಹಾತ್ಮಾ ಗಾಂಧಿಯವರ ಹೆಸರಾಯಿತು. ಅದರ ಸಾಮರ್ಥ್ಯವು ಕ್ರಮವಾಗಿ ೧೨೦ ಮೆಗಾವಾಟಿಗೆ ಏರಿತು. ಇದಕ್ಕೆ ನೀರು ಕೂಡಿಡಲು ಮಡೇನೂರಿನ ಬಳಿ ಹಿರೇಭಾಸ್ಕರ ಕಟ್ಟೆಯನ್ನು ಕಟ್ಟಿದರು. ಹೆಚ್ಚಿನ ನೀರನ್ನು ತಾನಾಗಿಯೇ ಹೊರಹಾಕುವಂತೆ ಗಣೇಶ ಅಯ್ಯರ್‌ರವರು ಕಲ್ಪಿಸಿದ ಸುರುಳಿ ಸೈಫನ್ನುಗಳನ್ನು ಅಲ್ಲಿ ಅಳವಡಿಸಿದ್ದಿತು.

ಜೋಗದ ಶಕ್ತಿಯಿಂದ ಆದ ಒಂದು ಉಪಕಾರವನ್ನು ಇಲ್ಲಿ ಹೇಳಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ೧೯೨೩ರಲ್ಲಿ ಮೊದಲಾದಾಗ ಅದಕ್ಕೆ ಕಲ್ಲಿದ್ದಲು ದೊರೆಯುತ್ತಿರಲಿಲ್ಲ. ಮಲೆನಾಡಿನ ಮರವನ್ನು ಇದ್ದಲು ಮಾಡಿ ಅದಿರನ್ನು ಕರಗಿಸುತ್ತಿದ್ದರು. ೧೯೫೨ರಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಹೊಳೆಯೊಂದು ಕಾಡಿನ ಮೇಲಣ ಹೊರೆಯನ್ನು ಹೀಗೆ ಸ್ವಲ್ಪಮಟ್ಟಿಗೆ ಇಳಿಸಿತು. ಜಲವಿದ್ಯುತ್ತು ಕಾಡನ್ನು ನುಂಗಿದುದನ್ನೇ ಹೇಳಿ ಉಳಿಸಿದುದನ್ನು ಹೇಳದಿರುವುದು ನ್ಯಾಯವಲ್ಲ.

ನುಂಗಿದುದು ಲಿಂಗನಮಕ್ಕಿಯಲ್ಲಿ. ೧೯೬೪ರಲ್ಲಿ ಪೂರ್ಣವಾದ ಈ ಅಣೆಕಟ್ಟು ಸುಮಾರು ೧೫೨ ಶತಕೋಟಿ ಘನ ಅಡಿ ನೀರನ್ನು ಹಿಡಿಯುತ್ತದೆ, ಎಂದರೆ ಕನ್ನಂಬಾಡಿಯ ಮೂರರಷ್ಟು. ಇದರ ನೀರಿನಿಂದ ನಡೆಯುವ ಶರಾವತಿ ಆಗಾರದ ಹತ್ತು ಯಂತ್ರಗಳು ೧೯೭೭ರ ಹೊತ್ತಿಗೆ ಸಂಪೂರ್ಣವಾದುವು; ಇಂದಿನ ಅವುಗಳ ಸಾಮರ್ಥ್ಯ ೧೦೩೫ ಮೆಗಾವಾಟು. ೧೯೫೬ರಲ್ಲಿ ಒಂದಾದ ಕನ್ನಡನಾಡಿನ ಮನೆಮನೆಯ ದೀಪಕ್ಕೂ ಕಾರ್ಖಾನೆಗೂ ಬಹುಕಾಲ ಶರಾವತಿಯೇ ದಿಕ್ಕಾಗಿದ್ದಿತು. ಒಂದು ಘಟಕಕ್ಕೆ ತಗಲುವ ವೆಚ್ಚವನ್ನು ಎಣಿಸಿದರೆ ಇಂದಿಗೂ ಅಷ್ಟು ಅಗ್ಗವಾದ ಶಕ್ತಿ ಮತ್ತೊಂದು ದುರ್ಲಭ. ಅಗ್ಗವೆಂಬ ಮಾತನ್ನು ಮಾತ್ರ ಸ್ವಲ್ಪ ಪರೀಕ್ಷಿಸಬೇಕಾಗುತ್ತದೆ.

ಹಿನ್ನೀರು ಹರಡಿದುದು ಸಾಗರ ಹೊಸನಗರಗಳ ಕಣಿವೆಗಳಲ್ಲಿ. ಅಡಕೆಯ ತೋಟ, ಬತ್ತದ ಗದ್ದೆ, ಗೇಣಿಯ ಒಕ್ಕಲುಗಳು ಹೆಚ್ಚಾಗಿದ್ದ ಸೀಮೆಯಲ್ಲಿ. ಗೇಣಿದಾರರ ಹಕ್ಕಿಗಾಗಿ ೧೯೫೧ರಲ್ಲಿ ಸತ್ಯಾಗ್ರಹ ನಡೆದ ಕಾಗೋಡು ಇದೇ ಸಾಗರ ಸೀಮೆಯ ಊರು. ಪರಿಹಾರದ ಹಣವು ದಾಖಲೆಯಲ್ಲಿ ಹೆಸರುಳ್ಳವನಿಗೆ ಸಲ್ಲತಕ್ಕುದು. ನೆಲವನ್ನು ತಲೆಮಾರುಗಳಿಂದ ಉತ್ತವನ ಹೆಸರು ದಾಖಲೆಯಲ್ಲಿರುವುದು ಅಪೂರ್ವ. ಉಳುವವನನ್ನೇ ಒಡೆಯನನ್ನಾಗಿ ಮಾಡಿದ ಭೂಸುಧಾರಣೆಯ ಶಾಸನ ಬಂದುದು ೧೯೭೪ರಲ್ಲಿ. ನೀರು ಅದಕ್ಕಿಂತ ಹತ್ತು ವರ್ಷ ಮೊದಲೇ ಬಂದಿದ್ದಿತು. ಹೀಗೆ ಎದ್ದ ಸಾವಿರಾರು ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ನಾನಾ ಕಡೆಗಳಲ್ಲಿ, ಬಹುಮಟ್ಟಿಗೆ ಅರಣ್ಯದ ನೆಲದಲ್ಲಿ, ನೆಲೆಗೊಳಿಸಿದರು. ಆ ನೆಲವನ್ನು ಅರಣ್ಯದ ಲೆಕ್ಕದಿಂದ ಬಿಡಿಸುವ ಕಾರ್ಯ ಕ್ರಮಬದ್ಧವಾಗಿ ಮುಗಿಯಲಿಲ್ಲ. ೧೯೮೦ರ ಅರಣ್ಯ ಸಂರಕ್ಷಣ ಕಾಯಿದೆಯ ಮೇಲೆ ಅದು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಆಗದ ಕೆಲಸವಾಯಿತು. ರಾಜ್ಯ ಸರ್ಕಾರವು ಮುಂದೆ ಹೊರಡಿಸಿದ ಬಿಡುಗಡೆಯ ಆಜ್ಞೆಗಳು ೨೦೨೧ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಬಿದ್ದುಹೋದವು. ೧೭೯೪ರ ಲೇಖವು ನೀರನ್ನು ಪಡೆದವನಿಗೆ ಭೂಮ್ಯಾಕಾಶಗಳಿರುವವರೆಗೆ ಕೊಟ್ಟ ಮಾತನ್ನು, ನೀರಿಗೆ ನೆಲ ಕೊಟ್ಟವನ ಮೊಮ್ಮಗನು ಹಕ್ಕುಪತ್ರದ ಅರ್ಜಿಯಲ್ಲಿ ಬೇಡುತ್ತಿರುವನು.

ಹಿನ್ನೀರಿನಿಂದ ದ್ವೀಪದಂತಾದ ಕರೂರು ಬಾರಂಗಿ ಹೋಬಳಿಗಳ ಸ್ಥಿತಿ ಬೇರೆ ಬಗೆ. ತುಮರಿಯ ಜನರು ತಾಲ್ಲೂಕಿನ ಮುಖ್ಯಸ್ಥಳವಾದ ಸಾಗರಕ್ಕೆ ಬರಲು ಲಾಂಚನ್ನು ಕಾಯಬೇಕಾಗಿದ್ದಿತು. ನೀರು ತಗ್ಗಿದ ಬೇಸಿಗೆಯಲ್ಲಿ ಅದಕ್ಕೂ ತೊಡಕು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ೨೦೨೫ರ ಜುಲೈ ೧೪ರಂದು ತೆರೆಯಿತು. ಅಣೆಕಟ್ಟಿಗೂ ಈ ಸೇತುವೆಗೂ ನಡುವೆ ಅರುವತ್ತೊಂದು ವರ್ಷಗಳು. ಈ ನಡುವಣ ಕಾಲದ ವೃತ್ತಾಂತವನ್ನು ಸರ್ಕಾರದ ವರದಿಗಳಲ್ಲಿ ಹುಡುಕುವುದಕ್ಕಿಂತ ನಾ. ಡಿಸೋಜರ (೧೯೩೭-೨೦೨೫) ಕಾದಂಬರಿಗಳಲ್ಲಿ ಹುಡುಕುವುದು ಮೇಲು. ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಆ ಯೋಜನೆಯನ್ನು ಒಳಗಿನಿಂದ ಕಂಡವರು; ‘ಮುಳುಗಡೆ’ಯೂ ‘ದ್ವೀಪ’ವೂ ಆ ಕಾಣ್ಕೆಯ ಫಲಗಳು. ಜಲಾಶಯವೆಂಬ ಮಾತಿಗೆ ಎದುರಾಗಿ ‘ಮುಳುಗಡೆ’ ಎಂಬ ಅಚ್ಚಗನ್ನಡದ ಮಾತು ನಿಂತುದು ಶಬ್ದಾರ್ಥಚರಿತ್ರೆಯಲ್ಲಿಯೂ ಗಮನಾರ್ಹವಾದ ಸಂಗತಿ. ಒಂದೇ ನೀರಿಗೆ ದಡದ ಮೇಲಿನಿಂದ ಒಂದು ಹೆಸರು, ತಳದಿಂದ ಒಂದು ಹೆಸರು.

ಮುಂದಿನ ಮೂವತ್ತು ವರ್ಷಗಳನ್ನು ಸಂಗ್ರಹವಾಗಿ ಹೇಳಬಹುದು. ಏಕೀಕರಣದಿಂದ ಉತ್ತರ ಕನ್ನಡವು ಕೂಡಿಬಂದುದರಿಂದ ಕಾಳೀನದಿಯು ರಾಜ್ಯದ ಪಾಲಿಗೆ ದೊರೆಯಿತು; ಸೂಪಾ ಅಣೆಕಟ್ಟು, ನಾಗಝರಿ ಆಗಾರ ಹುಟ್ಟಿದವು. ವಾರಾಹಿ, ಗೇರುಸೊಪ್ಪೆಗಳು ಅನುಸರಿಸಿದವು. ಆದರೆ ಹೊಳೆಗಳು ಬೇರೆಬೇರೆಯಾದರೂ ಅವೆಲ್ಲವನ್ನೂ ತುಂಬುವ ಮೋಡ ಒಂದೇ. ಒಂದು ವರ್ಷ ಅದು ಮುನಿದರೆ ಕಾವೇರಿಯ ಕೊರತೆಯನ್ನು ಶರಾವತಿಯೂ ಶರಾವತಿಯ ಕೊರತೆಯನ್ನು ಕಾಳಿಯೂ ತುಂಬಲಾರವು. ಇದನ್ನು ಕಂಡೇ ೧೯೮೫ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಆಗಾರವನ್ನು ಆರಂಭಿಸಿದರು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. ಸಿಂಗರೇಣಿಯಿಂದಲೂ ಇನ್ನೂ ದೂರದಿಂದಲೂ ರೈಲಿನಲ್ಲಿ ಬರಬೇಕು. ಬಳ್ಳಾರಿ, ಯರಮರಸುಗಳು ಆಮೇಲಿನವು. ಕೈಗೆಯ ಪರಮಾಣು ಆಗಾರವು ೨೦೦೦ದಲ್ಲಿ ಶಕ್ತಿ ಕೊಡಲಾರಂಭಿಸಿ ಈಗ ೮೮೦ ಮೆಗಾವಾಟು ಸಾಮರ್ಥ್ಯದ್ದಾಗಿದೆ. ಶೇಷಾದ್ರಿ ಅಯ್ಯರ್‌ರವರು ಯಾವ ಕಲ್ಲಿದ್ದಲನ್ನು ಬಿಡಿಸಲು ಹೊಳೆಯನ್ನು ತಂದರೋ ಅದೇ ಕಲ್ಲಿದ್ದಲು ಹೊಳೆಯ ಚಾಂಚಲ್ಯಕ್ಕೆ ಪರಿಹಾರವಾಗಿ ಎಂಬತ್ತಮೂರು ವರ್ಷಗಳ ಮೇಲೆ ಮರಳಿ ಬಂದಿತು. ಅದು ಉರಿದು ಬಿಡುವ ಇಂಗಾಲಾಮ್ಲ ವಾಯುವು ಭೂಮಂಡಲದ ಕಾವನ್ನು ಹೆಚ್ಚಿಸಿ ಮಳೆಯ ಕ್ರಮವನ್ನೇ ಕದಡುತ್ತದೆಂಬುದು ಈಗ ವಿಜ್ಞಾನಿಗಳಲ್ಲಿ ನಿರ್ವಿವಾದವಾದ ವಿಷಯ. ಮಳೆಯ ಕೊರತೆಗೆ ಹಿಡಿದ ಔಷಧವೇ ಮಳೆಯ ರೋಗವನ್ನು ಹೆಚ್ಚಿಸುವುದಾಯಿತು.

ಇಲ್ಲಿಂದ ಮುಂದೆ ಕಥೆಯು ವಿಚಿತ್ರವಾಗಿ ಮೊದಲಿನ ಎಡೆಗೇ ಮರಳುತ್ತದೆ. ಕೋಲಾರದ ಚಿನ್ನದ ಗಣಿಗಳು ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದವು. ಅದಾದ ಹತ್ತು ವರ್ಷಗಳೊಳಗೆ, ೨೦೦೯-೧೦ರಲ್ಲಿ, ಅದೇ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ೩ ಮೆಗಾವಾಟಿನ ಸೌರ ವಿದ್ಯುದಾಗಾರವನ್ನು ರಾಜ್ಯದ ವಿದ್ಯುತ್ ನಿಗಮವು ಸ್ಥಾಪಿಸಿತು. ಹೊಳೆಯ ಶಕ್ತಿಯನ್ನು ಮೊದಲು ಉಂಡ ಜಿಲ್ಲೆಯೇ ಬಿಸಿಲಿನ ಶಕ್ತಿಯನ್ನು ಮೊದಮೊದಲು ಕೊಟ್ಟಿತು. ಚಿತ್ರದುರ್ಗ ಗದಗುಗಳ ಗುಡ್ಡಗಳ ಮೇಲೆ ಗಾಳಿಯ ಯಂತ್ರಗಳು ಅದಕ್ಕೆ ಮೊದಲೇ ನಿಂತಿದ್ದವು. ಇಂದು ಸೂರ್ಯನಿಂದಲೂ ಗಾಳಿಯಿಂದಲೂ ಪಡೆಯುವ ಸ್ಥಾಪಿತ ಸಾಮರ್ಥ್ಯವು ದ್ದೊಡ್ಡ ಜಲಾಗಾರಗಳ ಮೂರೂವರೆ ಸಾವಿರಕ್ಕೆ ಮಿಕ್ಕ ಮೆಗಾವಾಟಿನ ಮೂರುಪಟ್ಟಿಗೂ ಹೆಚ್ಚಾಗಿದೆ.

ಇವುಗಳಲ್ಲಿ ವಿಶೇಷವಾಗಿ ಹೇಳತಕ್ಕುದು ತುಮಕೂರು ಜಿಲ್ಲೆಯ ಪಾವಗಡದ್ದು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಗಳಲ್ಲಿ ೨೦೫೦ ಮೆಗಾವಾಟಿನ ಸೌರಕ್ಷೇತ್ರವು ಹರಡಿದೆ. ೨೦೧೮ರ ಮಾರ್ಚಿನಲ್ಲಿ ಆರಂಭವಾಗಿ ೨೦೧೯ರ ಕೊನೆಗೆ ಪೂರ್ಣವಾಯಿತು. ಹಳ್ಳಿಗಳ ಹೆಸರನ್ನು ನೋಡಿದರೆ ಒಂದರಲ್ಲಿ ಸಮುದ್ರ, ಎರಡರಲ್ಲಿ ತೆಲುಗಿನ ಚೆರುವನ್ನು, ಎಂದರೆ ಕೆರೆಯನ್ನು, ನೆನಪಿಗೆ ತರುವ ಚೆರ್ಲು. ನೆಲವಾದರೋ ಬರಕ್ಕೆ ಹೆಸರಾದುದು. ಯಾವ ಬಿಸಿಲು ಪೈರನ್ನು ಸುಡುತ್ತಿದ್ದಿತೋ ಅದನ್ನೇ ಬೆಳೆಯಾಗಿ ಕೊಯ್ಯುವ ಉಪಾಯವಿದು. ಲಿಂಗನಮಕ್ಕಿಗೂ ಇದಕ್ಕೂ ಇರುವ ಭೇದವು ಯಂತ್ರದಲ್ಲಿ ಮಾತ್ರವಲ್ಲ, ನೆಲದ ಪತ್ರದಲ್ಲಿಯೂ ಉಂಟು. ಇಲ್ಲಿ ನೆಲವನ್ನು ಕೊಂಡುಕೊಳ್ಳಲಿಲ್ಲ. ರೈತನ ಹೆಸರಿನಲ್ಲಿಯೇ ಉಳಿಸಿ, ೨೮ ವರ್ಷಗಳ ಗುತ್ತಿಗೆಗೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರುವಂತೆ ಹಿಡಿದರು. ಶರಾವತಿಯ ಪಾಠವನ್ನು ಯಾರೋ ಓದಿದ್ದರೆನ್ನಬಹುದು. ಪೂರ್ತಿಯಾಗಿ ಓದಿರಲಿಲ್ಲ, ಗುತ್ತಿಗೆಯು ಸಲ್ಲುವುದು ನೆಲವುಳ್ಳವನಿಗೆ. ಆ ಹೊಲಗಳಲ್ಲಿ ಕೂಲಿಮಾಡಿ ಉಣ್ಣುತ್ತಿದ್ದವನಿಗೂ, ಕುರಿ ಮೇಯಿಸುತ್ತಿದ್ದವನಿಗೂ ಬಿಸಿಲಿನ ಬೆಳೆಯಲ್ಲಿ ಕೊಯ್ಲಿನ ಕೆಲಸವಿಲ್ಲ. ಸಾಗರದ ಗೇಣಿದಾರನ ಹೆಸರು ಇಲ್ಲದಿದ್ದ ದಾಖಲೆಯಲ್ಲಿ ಪಾವಗಡದ ಕೂಲಿಯವನ ಹೆಸರೂ ಇಲ್ಲ.

ಬಿಸಿಲೂ ಗಾಳಿಯೂ ಬಂದ ಮೇಲೆ ಮಳೆಯ ಹಂಗು ತೀರಿತೆಂದು ಭಾವಿಸಿದವರಿಗೆ ೨೦೨೩ನೆಯ ವರ್ಷವು ಉತ್ತರ ಹೇಳಿತು. ಆ ವರ್ಷ ಮುಂಗಾರು ಕೈಕೊಟ್ಟು, ಆಗಸ್ಟು ತಿಂಗಳು ಒಣಗಿಹೋಗಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ಲಿಂಗನಮಕ್ಕಿಯೂ ಕನ್ನಂಬಾಡಿಯೂ ತುಂಬಲಿಲ್ಲ. ನೀರಿಲ್ಲದಿದ್ದರೆ ಶಕ್ತಿಯ ಹುಟ್ಟುವಳಿ ಕುಂದುವುದು ಎಲ್ಲರಿಗೂ ತಿಳಿದುದೇ. ಅಷ್ಟಾಗಿ ತಿಳಿಯದಿದ್ದುದು ಮತ್ತೊಂದು: ಮಳೆಯಿಲ್ಲದಾಗ ರೈತನು ಬಾವಿಯ ನೀರನ್ನು ಎತ್ತಬೇಕು, ಎತ್ತಲು ಪಂಪುಸೆಟ್ಟಿಗೆ ವಿದ್ಯುತ್ತು ಬೇಕು. ಪೂರೈಕೆಯು ಕುಗ್ಗುವ ಹೊತ್ತಿಗೇ ಬೇಡಿಕೆಯು ಹಿಗ್ಗುತ್ತದೆ. ಬರವು ಹೀಗೆ ಎರಡೂ ತುದಿಗಳಿಂದ ಹಿಡಿಯಿತು. ಮಳೆಗಾಲದಲ್ಲಿ ಮಲಗಿರಬೇಕಾಗಿದ್ದ ಪಂಪುಸೆಟ್ಟುಗಳು ಅಕ್ಟೋಬರಿನಲ್ಲಿ ಹಗಲಿರುಳೂ ಓಡಿದವು. ಸರ್ಕಾರವು ವಿದ್ಯುತ್ ಕಾಯಿದೆಯ ೧೧ನೆಯ ಪ್ರಕರಣವನ್ನು ಪ್ರಯೋಗಿಸಿ ಖಾಸಗಿ ಉತ್ಪಾದಕರ ಶಕ್ತಿಯನ್ನು ರಾಜ್ಯಕ್ಕೇ ಸಲ್ಲಿಸುವಂತೆ ಆಜ್ಞಾಪಿಸಿತು. ಉತ್ತರಪ್ರದೇಶ ಪಂಜಾಬುಗಳಿಂದ, ಮುಂದೆ ಹಿಂದಿರುಗಿಸುವ ಕರಾರಿನ ಮೇಲೆ, ಕೈಗಡವನ್ನೂ ತಂದಿತು. ಮುಂದಿನ ಬೇಸಿಗೆಯಲ್ಲಿ ಅತ್ಯಧಿಕ ಬೇಡಿಕೆಯು ೧೭,೦೦೦ ಮೆಗಾವಾಟನ್ನು ಮೀರಿತು.

ಬರವು ಕನ್ನಡನಾಡಿಗೆ ಹೊಸದಲ್ಲ. ಶಾಸನಗಳೂ ಲಾವಣಿಗಳೂ ಅದಕ್ಕೆ ಸಾಕ್ಷಿ. ಹೊಸದಾಗಿ ಕಾಣುವುದು ಅದರ ನೆರೆಯಲ್ಲಿಯೇ ಬರುವ ಪ್ರವಾಹ. ಕಾವೇರಿಯ ತವರಾದ ಕೊಡಗಿನಲ್ಲಿ ೨೦೧೮ರಲ್ಲಿ ಬೆಟ್ಟಗಳೇ ಜಾರಿದವು. ೨೦೧೯ರಲ್ಲಿ ಕೃಷ್ಣೆ ಮಲಪ್ರಭೆಗಳ ತೀರ ಮುಳುಗಿತು. ಬರದ ಮರುವರ್ಷವೇ, ೨೦೨೪ರ ಜುಲೈಯಲ್ಲಿ, ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿಯಿತು, ಆಗಸ್ಟಿನಲ್ಲಿ ತುಂಬಿದ ತುಂಗಭದ್ರಾ ಜಲಾಶಯದ ೧೯ನೆಯ ತೂಬಿನ ಬಾಗಿಲು ಕೊಚ್ಚಿಹೋಯಿತು. ೨೦೨೩ರಲ್ಲಿ ತುಂಬದಿದ್ದ ಕನ್ನಂಬಾಡಿ ೨೦೨೫ರಲ್ಲಿ ಜೂನ್ ತಿಂಗಳೊಳಗೇ ತುಂಬಿತು. ಕಟ್ಟೆಯ ಚರಿತ್ರೆಯಲ್ಲಿ ಅದು ಮೊದಲನೆಯ ಸಲ. ಬಾಗಿನ ಅರ್ಪಿಸಿದುದು ಜೂನ್ ೩೦ರಂದು, ಶಿವನಸಮುದ್ರದ ಶಕ್ತಿಯು ಕೋಲಾರಕ್ಕೆ ಹರಿದ ದಿನವೇ, ನೂರಿಪ್ಪತ್ತಮೂರು ವರ್ಷಗಳ ತರುವಾಯ. ಜಲಾಶಯವನ್ನು ಕಟ್ಟುವವನು ಹಿಂದಿನ ಐವತ್ತು ವರ್ಷಗಳ ಮಳೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಅದರ ಎತ್ತರವನ್ನು ನಿರ್ಣಯಿಸುತ್ತಾನೆ. ಮುಂದಿನ ಮಳೆ ಹಿಂದಿನದನ್ನು ಹೋಲುವುದೆಂಬ ನಂಬಿಕೆಯೇ ಆ ಲೆಕ್ಕದ ಅಸ್ತಿಭಾರ.

ಸೂರ್ಯನ ಶಕ್ತಿ ಹಗಲಿಗೆ ಸಲ್ಲುವುದು, ಗಾಳಿಯದು ಬಹುಮಟ್ಟಿಗೆ ಆಷಾಢ ಶ್ರಾವಣಗಳಿಗೆ. ಮುಸ್ಸಂಜೆಯ ದೀಪಕ್ಕೆ ಇವೆರಡೂ ಒದಗುವ ಭರವಸೆಯಿಲ್ಲ. ಮಿಂಚಿಗೆ ಕ್ಷಣಪ್ರಭೆ, ಚಂಚಲೆ, ಚಪಲೆ ಎಂದು ಕೋಶಕಾರರು ಕೊಟ್ಟ ಪರ್ಯಾಯಗಳು ಇಂದಿನ ವಿದ್ಯುತ್ತಿಗೂ ಹೀಗೆ ಅನ್ವರ್ಥವಾಗಿ ಉಳಿದಿವೆ. ಅದನ್ನು ಹಿಡಿದಿಡುವುದಕ್ಕಾಗಿ ಯೋಜಕರು ಮತ್ತೆ ಶರಾವತಿಯ ಕಡೆಗೇ ತಿರುಗಿದ್ದಾರೆ. ಹಗಲು ಮಿಗುವ ಶಕ್ತಿಯಿಂದ ಕೆಳಗಣ ಗೇರುಸೊಪ್ಪೆಯ ಜಲಾಶಯದ ನೀರನ್ನು ಮೇಲಣ ತಲಕಳಲೆಗೆ ಎತ್ತಿ, ಸಂಜೆ ಅದನ್ನೇ ಬೀಳಿಸಿ ೨೦೦೦ ಮೆಗಾವಾಟು ಪಡೆಯುವುದು ಆ ಸಂಕಲ್ಪ. ಇಲ್ಲಿ ಹೊಳೆಯು ತಾಯಿಯಲ್ಲ, ಕಣಜ. ಲೆಕ್ಕಕ್ಕೆ ಇದು ಸಮಂಜಸವಾಗಿಯೇ ಇದೆ. ಹೊಸ ದೊಡ್ಡ ಮುಳುಗಡೆಯಿಲ್ಲ, ಸುರಂಗಗಳೇ ಹೆಚ್ಚು. ಆದರೆ ಆ ಸುರಂಗಗಳು ಹಾಯುವುದು ಸಿಂಗಳೀಕಗಳ ಅಭಯಾರಣ್ಯದ ಅಡಿಯಲ್ಲಿ, ೨೦೨೪ರಲ್ಲಿ ಗುಡ್ಡ ಕುಸಿದ ಶಿರೂರು ಇರುವ ಜಿಲ್ಲೆಯ ಅಂಚಿನಲ್ಲಿ. ಕಣಿವೆಯ ಜನರು ೨೦೨೫ರಲ್ಲಿ ಇದನ್ನು ಪ್ರಬಲವಾಗಿ ವಿರೋಧಿಸಿದರು. ಒಮ್ಮೆ ಎದ್ದವರ ಮಕ್ಕಳು ಎರಡನೆಯ ಸಲ ಕೊಡುವ ಭರವಸೆಯ ಮಾತನ್ನು ಮೊದಲನೆಯ ಮಾತಿನೊಡನೆ ಹೋಲಿಸಿ ನೋಡುವುದು ಸಹಜ. ಮೊದಲನೆಯದಕ್ಕೆ ಸಲ್ಲಬೇಕಾದ ಪತ್ರವು ಅವರ ಕೈಗೆ ಇನ್ನೂ ಬರಬೇಕಾಗಿದೆ.

ಲಿಂಗನಮಕ್ಕಿಯ ನೀರು ೧೯೬೪ರಲ್ಲಿ ಏರಿದಾಗ ಊರುಗಳೊಡನೆ ಹಿರೇಭಾಸ್ಕರ ಕಟ್ಟೆಯೂ ಮುಳುಗಿತು. ಹದಿನಾರೇ ವರ್ಷ ಜೋಗದ ದೀಪಗಳನ್ನು ಸಾಕಿದ ಕಟ್ಟೆಯದು. ಮಳೆ ಸೋತ ವರ್ಷಗಳ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದು ತನ್ನ ಸೈಫನ್ನುಗಳೊಡನೆ ಹೊರಬರುತ್ತದೆ. ಜನರು ದೋಣಿಯಲ್ಲಿಯೂ, ನೀರು ಇನ್ನೂ ತಗ್ಗಿದರೆ ಕಾಲುನಡೆಯಲ್ಲಿಯೂ ಹೋಗಿ ಅದನ್ನು ನೋಡಿಬರುತ್ತಾರೆ.